ಹರಿದ ಅರ್ಧ

ಕುಂಬಳೆ ಪೇಟೆಯ ಸೂಫಿಕುಂಞಿ ಟೈಲರನ ಅಂಗಡಿಯಲ್ಲಿ
ಇಂಗ್ಲಿಷ್ ಬರುತ್ತಿದ್ದುದು ನನಗೊಬ್ಬನಿಗೆ.
ಬರುತ್ತಿತ್ತು ಅಂದರೆ,
ಹತ್ತನೇ ಕ್ಲಾಸಿಗೆ ಎರಡು ಸಲ ಕೂತಷ್ಟು.

ಶಾರ್ಜಾದಿಂದ ಅವನ ಅಳಿಯ ಕಳಿಸುವ ಪೆಟ್ಟಿಗೆಯಲ್ಲಿ
ಗಾಜಿನ ಲೋಟಗಳಿಗೆ ಸುತ್ತಿ ಬರುತ್ತಿತ್ತು ವಿಲಾಯತಿ ಪೇಪರು.
ಲೋಟ ಮನೆಗೆ, ಅತ್ತರು ತಮ್ಮನಿಗೆ,
ಮುದುಡಿದ ಆಟದ ಪುಟ ನಮಗೆ.
ಅದಕ್ಕೆ ಇಸ್ತ್ರಿ ಹಾಕಿ, ಬಿಸಿಬಿಸಿ,
ನನ್ನ ಮುಂದೆ ಹಿಡಿಯುತ್ತಿದ್ದ: ಓದು.

ಎಲ್ಲರಿಗಿಂತ ದೊಡ್ಡ ಮ್ಯಾನೇಜರ್ ಯಾರು?
ಜಗಳ ಹುಟ್ಟಿದ್ದು ಎಂಬತ್ತೈದರ ಕೊನೆಗೆ,
ಜಾಕ್ ಸ್ಟೀನ್ ಮೈದಾನದಂಚಿನಲ್ಲಿ ಕುಸಿದ ಸುದ್ದಿ
ಮೂರು ತಿಂಗಳು ತಡವಾಗಿ ಒಂದು ಲೋಟದ ಸುತ್ತ ಬಂದಾಗ.

ಅವನೇ, ಎಂದ ರೈಲ್ವೆ ಗೇಟಿನ ಚನಿಯಪ್ಪ.
ಹನ್ನೊಂದು ಜನ, ಎಲ್ಲ ಮೂವತ್ತು ಮೈಲಿಯೊಳಗೆ ಹುಟ್ಟಿದವರು,
ಅಷ್ಟರಲ್ಲೇ ಯುರೋಪಿನ ಕಪ್ಪು ತಂದ ಪುಣ್ಯಾತ್ಮ.
ನಮ್ಮಲ್ಲಿ ಮೂವತ್ತು ಮೈಲಿ ಅಂದರೆ
ಅತ್ತ ಮಂಗಳೂರು, ಇತ್ತ ಕಾಞಂಗಾಡು, ನಡುವೆ ಏಳು ಭಾಷೆ.
ಪಾಸು ಕೊಡೋ ಅಂತ ಕೂಗುವುದಕ್ಕೇ
ನಾಲ್ಕು ಸಲ ನಾಲಿಗೆ ಹೊರಳಿಸಬೇಕು,
ಅಷ್ಟರಲ್ಲಿ ಚೆಂಡು ಹೊಳೆಗೆ.

ಸೊಸೈಟಿಯ ಗುಮಾಸ್ತ ಲೂಯಿಸ್ ಕ್ರಾಸ್ತ ಲೆಕ್ಕದವನು:
ಪೈಸ್ಲಿ. ಒಂಬತ್ತು ವರ್ಷ, ಆರು ಲೀಗು, ಮೂರು ಯುರೋಪಿಯನ್ ಕಪ್ಪು.
ಕೂಡಿ ನೋಡಿ, ಮಾತು ಯಾಕೆ?

ಸೂಫಿಗೆ ಬಸ್ಬಿ.
ವಿಮಾನ ಬಿದ್ದು ಹುಡುಗರೆಲ್ಲ ಹೋದ ಮೇಲೆ
ಹತ್ತು ವರ್ಷ ಕೂತು ಮತ್ತೆ ಹೊಲಿದನಲ್ಲ,
ಅದು ಕೈಕೆಲಸ ಮಾರಾಯ. ಉಳಿದದ್ದು ರೆಡಿಮೇಡ್.

ನಾನು? ಓದುವವನು ಪಕ್ಷ ಹಿಡಿಯಬಾರದು.
ಆದರೆ ಆ ದಿನ ಪೇಪರು ಹರಿದಿತ್ತು,
ಲೋಟದ ಕಂಠಕ್ಕೆ ಸರಿಯಾಗಿ, ಕಾಲಮಿನ ನಡುಮಧ್ಯ,
ಬ್ರಯಾನ್ ಕ್ಲಫ್ ಬಾಯಿ ತೆರೆದ ಜಾಗದಲ್ಲೇ.
ಮುಂದೆ? ಅಂದ ಸೂಫಿ, ಪೆಡಲಿನ ಮೇಲೆ ಕಾಲು ತಡೆದು.
ಮುಂದಿನದು ಶಾರ್ಜಾದ ಯಾವುದೋ ಕಸದ ಡಬ್ಬಿಯಲ್ಲಿತ್ತು.
ನಾನು ಓದಿದೆ:

ಚೆಂಡು ಬರುವ ಮೊದಲೇ
ಯಾರಿಗೆ ಕೊಡಬೇಕೆಂದು ಗೊತ್ತಿಲ್ಲದವನು
ಉಣ್ಣಲು ಕೂತರೂ ಪಕ್ಕದವನ ಎಲೆ ನೋಡುತ್ತಾನೆ.

ಮಿಷನ್ನು ನಿಂತಿತು.
ಚನಿಯಪ್ಪ ಹಸಿರು ಬಾವುಟ ತೊಡೆಯ ಮೇಲಿಟ್ಟು
ಅದನ್ನೇ ತುಳುವಿನಲ್ಲಿ ತನಗೆ ತಾನೇ ಹೇಳಿಕೊಂಡ.
ಕ್ರಾಸ್ತ ಮಾತ್ರ ಕೇಳಿದ: ಇಂಗ್ಲೆಂಡಿನಲ್ಲಿ ಬಾಳೆಲೆಯೋ?
ನಾಟಿಂಗ್‌ಹ್ಯಾಮಿನ ಕಡೆ, ಎಂದೆ.

ಆಮೇಲೆ ನಿಲ್ಲಿಸಲಾಗಲಿಲ್ಲ.
ಎಂಟು ವರ್ಷ, ಪೆಟ್ಟಿಗೆಗೊಂದು ಮಾತು.
ಹರಿಯದೆ ಬಂದರೆ ಎತ್ತಿಕೊಡುವಾಗ
ನಾನೇ ತುದಿ ಹರಿಯುತ್ತಿದ್ದೆ.
ಸ್ಟೀನ್ ಸೋತ. ಬಸ್ಬಿ ಸೋತ, ಸೂಫಿಯ ಕಣ್ಣೆದುರೇ.
ಒಂದು ಸಂಜೆ ಕ್ರಾಸ್ತನೂ
ಲೆಡ್ಜರ್ ಮುಚ್ಚುವ ಹಾಗೆ ಅಂಗೈ ಮುಚ್ಚಿ
ಆಯಿತು, ಕ್ಲಫ್, ಎಂದ.
ಗೆದ್ದಂತೆ ಅನಿಸಲಿಲ್ಲ.
ಗಲ್ಲದಿಂದ ಚಿಲ್ಲರೆ ಕದ್ದವನ ಹಾಗೆ ಬಾಯೊಣಗಿತು.

ಕ್ಲಫ್‌ಗೆ ಬೇಕಿರಲಿಲ್ಲ ನನ್ನ ಉಪಕಾರ.
ಸಣ್ಣ ಊರಿನ ತಂಡ ಕಟ್ಟಿ
ಎರಡು ವರ್ಷ ಸಾಲಾಗಿ ಯುರೋಪು ಗೆದ್ದಿದ್ದ ಮನುಷ್ಯ.
ಅದು ಹರಿಯದ ಅರ್ಧದಲ್ಲೇ ಅಚ್ಚಾಗಿತ್ತು.
ನಾನು ಓದಿರಲಿಲ್ಲ.

ಈಗ ಟೈಲರನೂ ಇಲ್ಲ, ಟೈಲರಂಗಡಿಯಲ್ಲಿ ಮೊಬೈಲ್ ರಿಪೇರಿ.
ಮೊನ್ನೆ ಮೊಗ್ರಾಲಿನ ಮೈದಾನದಲ್ಲಿ ಸೆವೆನ್ಸ್ ಅಭ್ಯಾಸ.
ಚನಿಯಪ್ಪನ ಮೊಮ್ಮಗಳು ಧನುಶ್ರೀ, ಕೊರಳಲ್ಲಿ ಪೀಪಿ,
ಹುಡುಗಿಯರಿಗೆ ಮಲಯಾಳದಲ್ಲಿ ಒಮ್ಮೆ, ತುಳುವಿನಲ್ಲಿ ಒಮ್ಮೆ,
ಸಿಟ್ಟು ಬಂದಾಗ ಕನ್ನಡದಲ್ಲಿ:
ಪಕ್ಕದವಳ ಎಲೆ ನೋಡಬೇಡ್ರೇ!

ಯಾರ ಮಾತಮ್ಮ ಅದು?
ಫರ್ಗುಸನ್, ಎಂದಳು. ಅಜ್ಜ ಹೇಳ್ತಿದ್ರು.

ಅಲ್ಲವೇ ಅಲ್ಲ, ಕ್ಲಫ್, ಎಂದೆ. ಮೈ ಉರಿಯಿತು ನಿಜಕ್ಕೂ.
ಇಪ್ಪತ್ತಾರು ವರ್ಷ ಒಂದೇ ತಂಡ, ಹದಿಮೂರು ಲೀಗು, ಎಂದಳು.
ಕ್ರಾಸ್ತನ ಹಾಗೆ ಕೂಡಿಸಬೇಡ, ಎಂದೆ.
ಯಾರು ಕ್ರಾಸ್ತ, ಎಂದಳು.

ಕತ್ತಲಾಗುವವರೆಗೆ ವಾದಿಸಿದೆವು.
ಕೊನೆಗೆ ಫೋನು ತೆಗೆದು ಹುಡುಕಿದಳು,
ಆ ಹೆಸರಲ್ಲಿ, ಈ ಹೆಸರಲ್ಲಿ.
ಎಲ್ಲಿಯೂ ಇಲ್ಲವಲ್ಲ ಮಾವ.

ಅಲ್ಲಿಯೂ ಹರಿದಿರಬೇಕು, ಎಂದೆ.